ಓದಿದ ಕಾದಂಬರಿ ತೆರೆಯ ಮೇಲೆ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ಬಹಳ ವರ್ಷಗಳಿಂದ ಕನ್ನಡ ಕತೆ, ಕಾದಂಬರಿ ಓದುತ್ತಾ ಬಂದಿದ್ದೇನೆ. ಸಿನಿಮಾ ನೋಡಿದ್ದು ಕಡಿಮೆ. ಈಗ ಕೆಲಸದಿಂದ ನಿವೃತ್ತಿಯಾಗಿದೆ. ವಾರಕ್ಕೊಂದರಂತೆ ಸಾಹಿತ್ಯಕೃತಿ ಆಧರಿಸಿದ ಚಿತ್ರ ನೋಡೋಣವೆಂದು ‘ಕಾನೂರು ಹೆಗ್ಗಡಿತಿ’ಯಿಂದ ಶುರುಮಾಡಿದೆ. ಕಾದಂಬರಿ ನನಗೆ ಅಚ್ಚುಮೆಚ್ಚು. ಚಿತ್ರ ಅರ್ಧಕ್ಕೇ ಸಾಕೆನಿಸಿತು. ಎಲ್ಲವೂ ಹೀಗೆಯೇ ಇರುತ್ತವೆಯೇ? ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು? ಪುಸ್ತಕ ಮೊದಲೋ, ಚಿತ್ರ ಮೊದಲೋ? ಯೂಟ್ಯೂಬಿನಲ್ಲಿ ಸಿಗುವ ಹಳೆಯ ಪ್ರತಿಗಳು ನೋಡುವಂತಿವೆಯೇ?

ಉತ್ತರ: ನೀವು ಅತಿ ಕಷ್ಟದ ಕಡೆಯಿಂದ ಆರಂಭಿಸಿದ್ದೀರಿ. ಎಲ್ಲವೂ ಹೀಗಿಲ್ಲ. ಕನ್ನಡದಲ್ಲಿ ಸಾಹಿತ್ಯದಿಂದ ಬಂದ ಚಿತ್ರಗಳಲ್ಲಿ ಕಡಿಮೆಯೆಂದರೂ ಹತ್ತು, ಮೂಲಕೃತಿಯನ್ನು ಪ್ರೀತಿಸುವವರೂ ತಪ್ಪದೆ ನೋಡಬೇಕಾದವು. ಆದರೆ ದೊಡ್ಡ ಹೆಸರಿನ ಕಾದಂಬರಿಯ ಚಿತ್ರವೇ ದೊಡ್ಡದಾಗಿರುತ್ತದೆ ಎಂಬ ಲೆಕ್ಕ ಮಾತ್ರ ಇಲ್ಲಿ ನಡೆಯುವುದಿಲ್ಲ. ಬಹುಮಟ್ಟಿಗೆ ಅದರ ಉಲ್ಟಾ ನಿಜ.

‘ಕಾನೂರು ಹೆಗ್ಗಡಿತಿ’ಯನ್ನೇ ತೆಗೆದುಕೊಳ್ಳಿ. ಕುವೆಂಪು ಅವರ ಕಾದಂಬರಿ 1936ರದ್ದು, 600 ಪುಟ ಮೀರಿದ್ದು. ಗಿರೀಶ ಕಾರ್ನಾಡರು ಅದನ್ನು ಚಿತ್ರ ಮಾಡಿದ್ದು 1999ರಲ್ಲಿ. ಚಂದ್ರೇಗೌಡನ ಪಾತ್ರವನ್ನೂ ಅವರೇ ಮಾಡಿದರು, ಸುಬ್ಬಮ್ಮನಾಗಿ ತಾರಾ. ಕೆಲಸ ಬಲ್ಲವರೇ ಸೇರಿ ಮಾಡಿದ ಚಿತ್ರ. ಎಡವಿದ್ದು ಅಳತೆಯಲ್ಲಿ. ಎರಡು ಗಂಟೆಯ ಚಿತ್ರದಲ್ಲಿ ಸಾಮಾನ್ಯವಾಗಿ 60ರಿಂದ 80 ದೃಶ್ಯಗಳಿಗೆ ಜಾಗವಿರುತ್ತದೆ. 600 ಪುಟವನ್ನು ಅಷ್ಟರಲ್ಲಿ ಕೂರಿಸಬೇಕೆಂದರೆ ಉಳಿಯುವುದು ಘಟನೆಗಳ ಸಾಲು: ಮದುವೆಯಾಯಿತು, ಜಗಳವಾಯಿತು, ಮನೆ ಪಾಲಾಯಿತು. ನೀವು ಆ ಕಾದಂಬರಿಯನ್ನು ಮೆಚ್ಚಿದ್ದು ಘಟನೆಗಳಿಗಾಗಿ ಇರಲಾರದು. ಕಾಡಿನ ನಡುವೆ ನಿಂತು ಒಡೆಯನನ್ನೂ ಆಳನ್ನೂ ಬೇಟೆನಾಯಿಯನ್ನೂ ಒಂದೇ ಅಕ್ಕರೆಯಿಂದ ನೋಡುವ ಆ ಧ್ವನಿಗಾಗಿ ಮೆಚ್ಚಿರುತ್ತೀರಿ. ಚಿತ್ರದಲ್ಲಿ ಇಲ್ಲದ್ದು ಅದೇ. ಕುವೆಂಪು ಅವರ ಇನ್ನೊಂದು ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಕ್ಕೆ ಬಂದಾಗ ಇಡೀ ರಾತ್ರಿ, ಸುಮಾರು ಒಂಬತ್ತು ಗಂಟೆ ನಡೆಯಿತು. ಅಂಥ ಕೃತಿ ಕೇಳುವ ಹೊತ್ತು ಅಷ್ಟು.

ಹಾಗಾಗಿ ಆಯ್ಕೆಗೆ ಮೊದಲ ಸೂತ್ರ ಪುಟಗಳ ಲೆಕ್ಕ. ಸಣ್ಣಕತೆ, ನೀಳ್ಗತೆ ಮತ್ತು ಸುಮಾರು 150 ಪುಟದೊಳಗಿನ ಕಾದಂಬರಿಗಳ ಚಿತ್ರಗಳನ್ನು ಮೊದಲು ನೋಡಿ. ಎರಡನೆಯದು ಇನ್ನೂ ಮುಖ್ಯ. ಪುಸ್ತಕದಲ್ಲಿ ಕತೆ ಹೇಳುವವನೊಬ್ಬನಿರುತ್ತಾನೆ. ತೆರೆಯ ಮೇಲೆ ಅವನಿಗೆ ಜಾಗವಿಲ್ಲ. ಅವನ ಕೆಲಸವನ್ನು ಬೇರೆ ಯಾರಿಗೋ, ಯಾವುದಕ್ಕೋ ವಹಿಸಬೇಕಾಗುತ್ತದೆ: ಒಂದು ಮಗುವಿನ ಕಣ್ಣಿಗೆ, ಒಂದು ವಾದ್ಯಕ್ಕೆ, ಒಂದು ವಸ್ತುವಿಗೆ. ಹಾಗೆ ವಹಿಸಿದ ನಿರ್ದೇಶಕರ ಚಿತ್ರಗಳು ಉಳಿದಿವೆ. ಕತೆಯನ್ನಷ್ಟೇ ನಿಷ್ಠೆಯಿಂದ ಚಿತ್ರಿಸಿದವು, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಪುಸ್ತಕದ ಸಚಿತ್ರ ಸಾರಾಂಶವಾಗಿ ನಿಂತಿವೆ. ಯಾವ ಚಿತ್ರವನ್ನಾದರೂ ಮೊದಲ ಇಪ್ಪತ್ತು ನಿಮಿಷ ನೋಡಿ, ‘ಇದನ್ನೆಲ್ಲ ಯಾರ ಕಣ್ಣಿನಿಂದ ನೋಡುತ್ತಿದ್ದೇನೆ?’ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ನಿಲ್ಲಿಸಿದರೂ ನಷ್ಟವಿಲ್ಲ.

ಮೊದಲ ವಾರಕ್ಕೆ ನನ್ನ ಸಲಹೆ ‘ತಬರನ ಕಥೆ’ (1986). ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕತೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, ಮಧು ಅಂಬಟ್ ಅವರ ಕ್ಯಾಮೆರಾ. ನಿವೃತ್ತನಾದ ಸಣ್ಣ ಸರಕಾರಿ ನೌಕರ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ. ವಸೂಲಿಯಾಗದ ತೆರಿಗೆಯ ಹೊಣೆ ಅವನ ತಲೆಗೇ ಬಂದದ್ದು ಹೇಗೆ ಎಂಬುದನ್ನು ಚಿತ್ರ ಅವಸರವಿಲ್ಲದೆ, ಒಂದೊಂದು ಕಡತವಾಗಿ ಬಿಚ್ಚುತ್ತದೆ. ಇಲ್ಲಿ ಕತೆ ಹೇಳುವವನ ಜಾಗದಲ್ಲಿರುವುದು ಕಚೇರಿಗಳೇ. ಒಬ್ಬ ಕೆಟ್ಟ ಅಧಿಕಾರಿಯನ್ನು ತೋರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಚಿತ್ರ ಹಾಗೆ ಮಾಡುವುದಿಲ್ಲ. ಎಲ್ಲರೂ ನಿಯಮದ ಪ್ರಕಾರವೇ ಮಾತಾಡುತ್ತಾರೆ, ಮನುಷ್ಯ ಮಾತ್ರ ನುಚ್ಚುನೂರಾಗುತ್ತಾನೆ. ಚಾರುಹಾಸನ್ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಅಭಿನಯ ಇದು. ಅವರ ಬೆನ್ನು ದೃಶ್ಯದಿಂದ ದೃಶ್ಯಕ್ಕೆ ಹೇಗೆ ಬಾಗುತ್ತಾ ಹೋಗುತ್ತದೆ ಎಂಬುದನ್ನು ಗಮನಿಸಿ.

ಈ ಕತೆ ಇರುವುದು ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ. ಆ ಒಂದು ತೆಳು ಪುಸ್ತಕದಿಂದ ನಾಲ್ಕು ಚಿತ್ರಗಳು ಹುಟ್ಟಿವೆ: ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’ (1973), ‘ತಬರನ ಕಥೆ’, ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, ಮತ್ತು 2023ರ ‘ಡೇರ್‌ಡೆವಿಲ್ ಮುಸ್ತಾಫಾ’. ಒಂದೇ ಪುಸ್ತಕವನ್ನು ನಾಲ್ಕು ಜನ, ಅರ್ಧ ಶತಮಾನದ ಅಂತರದಲ್ಲಿ ಹೇಗೆ ಓದಿದರು ಎಂದು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. 1973ರ ಚಿತ್ರದ ನಡಿಗೆ ನಿಧಾನ, ಸಿಗುವ ಪ್ರತಿಗಳೂ ಮಸುಕು. ಆದರೂ ಅಂಚೆಯ ಚೀಲ ಒಂದು ಊರಿನ ಸಣ್ಣತನವನ್ನೆಲ್ಲ ಹೊತ್ತು ತರುವ ಬಗೆ ಚೆನ್ನಾಗಿದೆ. ‘ಡೇರ್‌ಡೆವಿಲ್ ಮುಸ್ತಾಫಾ’ ತೇಜಸ್ವಿ ಓದುಗರೇ ಹಣ ಹಾಕಿ ಮಾಡಿಸಿದ ಚಿತ್ರ, ಶಶಾಂಕ್ ಸೋಗಾಲ್ ನಿರ್ದೇಶನ. ಮುಸ್ತಾಫಾನನ್ನು ಅದು ತರಗತಿಯ ಹುಡುಗರ ಪೂರ್ವಗ್ರಹದ ಕಣ್ಣಿನಿಂದಲೇ ತೋರಿಸಿ, ಆ ಕಣ್ಣನ್ನು ಮೆಲ್ಲಗೆ ತಿದ್ದುತ್ತದೆ. ತೇಜಸ್ವಿಯವರ ನಗು ಉಳಿದಿರುವುದು ಅದರಿಂದಲೇ. ಕ್ರಿಕೆಟ್ ಭಾಗ ಎಳೆದಂತಾಯಿತು. ಅದನ್ನು ಸಹಿಸಿಕೊಂಡು ನೋಡಬಹುದು. ‘ಕಿರಗೂರಿನ ಗಯ್ಯಾಳಿಗಳು’ (2016) ಮಾತ್ರ ಬಿಟ್ಟರೆ ನಷ್ಟವಿಲ್ಲ. ಮೂಲದಲ್ಲಿ ಹೆಂಗಸರು ಎಷ್ಟು ಕೂಗಾಡಿದರೂ ಹೇಳುವವನ ದನಿ ಏರುವುದೇ ಇಲ್ಲ, ಹಾಸ್ಯವಿರುವುದೇ ಆ ತಣ್ಣನೆಯ ದನಿಯಲ್ಲಿ. ತೆರೆಯ ಮೇಲೆ ಕೂಗಾಟವಷ್ಟೇ ಉಳಿಯಿತು.

ಎರಡನೆಯ ವಾರ ‘ಘಟಶ್ರಾದ್ಧ’ (1977). ಕನ್ನಡದಲ್ಲಿ ಒಂದೇ ಒಂದು ಚಿತ್ರ ನೋಡುವುದಾದರೆ ಇದನ್ನೇ ನೋಡಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಯು.ಆರ್. ಅನಂತಮೂರ್ತಿಯವರ ಕತೆ, ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ವೇದ ಕಲಿಯಲು ಉಡುಪರ ಮನೆಗೆ ಬಂದ ಹುಡುಗ ನಾಣಿ, ಆ ಮನೆಯ ಎಳೆಯ ವಿಧವೆ ಯಮುನಕ್ಕ. ಅವಳು ಬಸುರಿಯಾಗಿದ್ದಾಳೆಂಬುದು ನಮಗೆ ತಿಳಿಯುವುದು ನಾಣಿಗೆ ತಿಳಿದಷ್ಟೇ ನಿಧಾನವಾಗಿ: ಮುಚ್ಚಿದ ಬಾಗಿಲು, ಅರ್ಧ ಕೇಳಿದ ಪಿಸುಮಾತು, ಕತ್ತಲಲ್ಲಿ ಸರಿದುಹೋದ ಆಕೃತಿ. ದೊಡ್ಡವರು ನಾಣಿಯ ಮುಂದೆ ಬಾಯಿಬಿಡುವುದಿಲ್ಲ, ಹಾಗಾಗಿ ನಮ್ಮ ಮುಂದೆಯೂ ಬಿಡುವುದಿಲ್ಲ. ಬದುಕಿರುವ ಹೆಣ್ಣಿಗೆ ಮಡಕೆ ಒಡೆದು ಶ್ರಾದ್ಧ ಮಾಡುವ ಆಚರಣೆಯನ್ನು ಯಾರೂ ಖಂಡಿಸಿ ಭಾಷಣ ಮಾಡುವುದಿಲ್ಲ. ಹುಡುಗನೊಬ್ಬ ಅದನ್ನು ಕಂಡನಲ್ಲ, ಅಷ್ಟೇ ಸಾಕಾಗುತ್ತದೆ. ಇದೇ ಕತೆ ಹಿಂದಿಯಲ್ಲಿ ‘ದೀಕ್ಷಾ’ (1991) ಎಂದು ಬಂದಿದೆ. ಒಳ್ಳೆಯ ನಟರಿರುವ, ಕೆಟ್ಟದ್ದೆನ್ನಲಾಗದ ಚಿತ್ರ. ಆದರೆ ಅಲ್ಲಿ ತೂಕ ನಾನಾ ಪಾಟೇಕರ್ ಮಾಡಿದ ಕೋಗ ಎಂಬ ಪಾತ್ರದ ಕಡೆಗೆ ವಾಲಿದ್ದರಿಂದ ಹುಡುಗನ ದಿಗಿಲು ಹಿಂದೆ ಸರಿಯಿತು. ಎರಡನ್ನೂ ನೋಡಿದರೆ, ಮೇಲೆ ಹೇಳಿದ ‘ಯಾರ ಕಣ್ಣು’ ಎಂಬ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಈ ಪ್ರತಿ ನಿಮ್ಮ ಊರಿನ ಸುತ್ತ ಎಲ್ಲಾದರೂ, ಚಿತ್ರೋತ್ಸವದಲ್ಲೋ ಫಿಲ್ಮ್ ಸೊಸೈಟಿಯಲ್ಲೋ, ತೆರೆ ಕಂಡರೆ ಬಸ್ಸು ಹತ್ತಿ ಹೋಗಿ ನೋಡಿ. ಚಿತ್ರದ ಬಹುಪಾಲು ಕತ್ತಲಲ್ಲಿದೆ. ಅಂತರ್ಜಾಲದ ಮಸುಕು ಪ್ರತಿಯಲ್ಲಿ ಆ ಕತ್ತಲೆಲ್ಲ ಬೂದು ಬಣ್ಣದ ಗಂಜಿಯಾಗಿಬಿಡುತ್ತದೆ.

ಅದರ ಜೊತೆಗೇ ‘ಕಾಡು’ (1973) ನೋಡಿ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಕಾರ್ನಾಡರ ನಿರ್ದೇಶನ, ಕ್ಯಾಮೆರಾ ಗೋವಿಂದ ನಿಹಲಾನಿ. ಇಲ್ಲಿಯೂ ಕಿಟ್ಟಿ ಎಂಬ ಹುಡುಗನ ಕಣ್ಣು. ಆದರೆ ಅಗ್ರಹಾರದ ಒಳಮನೆಯ ಬದಲು ಎರಡು ಹಳ್ಳಿಗಳ ಹಗೆ, ನಡುವೆ ಕಾಡು. ಚಂದ್ರೇಗೌಡನಾಗಿ ಅಮರೀಶ್ ಪುರಿ, ಅವನ ಹೆಂಡತಿ ಕಮಲಿಯಾಗಿ ನಂದಿನಿ ಭಕ್ತವತ್ಸಲ. ಆಕೆಗೂ ಹುಡುಗ ಜಿ.ಎಸ್. ನಟರಾಜ್‌ಗೂ ಆ ವರ್ಷದ ರಾಷ್ಟ್ರೀಯ ಪ್ರಶಸ್ತಿ ಬಂತು. ‘ಕಾನೂರು ಹೆಗ್ಗಡಿತಿ’ಯಲ್ಲಿ ನಿಮಗೆ ಸಿಗದ ಕಾಡನ್ನು ಅದೇ ನಿರ್ದೇಶಕರು ಕಾಲು ಶತಮಾನ ಮೊದಲೇ ತೋರಿಸಿದ್ದರು.

‘ಸಂಸ್ಕಾರ’ (1970) ವಿಷಯದಲ್ಲಿ ಅರ್ಧ ಹೌದು, ಅರ್ಧ ಅಲ್ಲ. ಅನಂತಮೂರ್ತಿಯವರದೇ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ, ರಾಜೀವ ತಾರಾನಾಥರ ಸಂಗೀತ. ಪ್ರಾಣೇಶಾಚಾರ್ಯನಾಗಿ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸೆನ್ಸಾರ್ ಮೊದಲು ತಡೆಹಿಡಿದ ಚಿತ್ರಕ್ಕೇ ಆಮೇಲೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಹೆಣ ಕಾಯುತ್ತಿರುವ ಅಗ್ರಹಾರ, ಸಾಯುತ್ತಿರುವ ಇಲಿಗಳು, ಹಸಿದು ಕೂತ ಬ್ರಾಹ್ಮಣರು, ಈ ಮೊದಲರ್ಧ ಇಂದಿಗೂ ಅಂಗಾಲು ತಣ್ಣಗಾಗಿಸುತ್ತದೆ. ಹೊರಗಿನಿಂದ ಬಂದ ಕ್ಯಾಮೆರಾಕ್ಕೆ ನಮ್ಮ ಅಗ್ರಹಾರ ಪವಿತ್ರವೂ ಅಲ್ಲ, ವಿಚಿತ್ರವೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡುತ್ತದೆ. ತೊಡಕಿರುವುದು ಆಚಾರ್ಯ ಊರು ಬಿಟ್ಟು ಹೊರಟ ಮೇಲೆ. ಕಾದಂಬರಿಯ ಆ ಭಾಗವೆಲ್ಲ ಅವನ ತಲೆಯೊಳಗೆ ನಡೆಯುವಂಥದ್ದು; ತೆರೆಯ ಮೇಲೆ ಅದು ಒಬ್ಬ ಮನುಷ್ಯ ಮುಖ ಬಿಗಿದುಕೊಂಡು ನಡೆಯುವುದಷ್ಟೇ ಆಗುತ್ತದೆ. ಆದ್ದರಿಂದ ಇದನ್ನು ನೋಡುವ ಮುನ್ನ ಪುಸ್ತಕ ಓದಿರಲೇಬೇಕು. ಓದಿ ಬಹಳ ದಿನವಾಗಿದ್ದರೆ ಕೊನೆಯ ಭಾಗವನ್ನಾದರೂ ಮತ್ತೆ ಓದಿ ಕುಳಿತುಕೊಳ್ಳಿ.

‘ಚೋಮನ ದುಡಿ’ (1975) ಹಿಂಜರಿಯದೆ ನೋಡಿ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಚಿಕ್ಕದು. ನಿರ್ದೇಶಕ ಬಿ.ವಿ. ಕಾರಂತರು ರಂಗಭೂಮಿಯಿಂದ ಬಂದವರು, ಸಂಗೀತ ಬಲ್ಲವರು. ಹೇಳುವವನ ಕೆಲಸವನ್ನು ದುಡಿ ಎಂಬ ವಾದ್ಯಕ್ಕೇ ಒಪ್ಪಿಸಿದರು. ಜೀತದಾಳು ಚೋಮ ಮಾತಿನಲ್ಲಿ ಹೇಳಲಾಗದ್ದನ್ನೆಲ್ಲ ದುಡಿ ಹೇಳುತ್ತದೆ, ಪ್ರತಿ ಸಲವೂ ಬೇರೆ ಗತಿಯಲ್ಲಿ. ಎಂ.ವಿ. ವಾಸುದೇವ ರಾವ್ ಅವರ ಮುಖ, ಮೈ, ದನಿ ಮೂರೂ ಸೇರಿದ ಆ ಅಭಿನಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿತು. ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಲು ಮೇಲುಜಾತಿಯವರು ಮುಂದಾಗದ ದೃಶ್ಯವನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ಬೇರೇನೂ ಮಾಡಲಾಗುವುದಿಲ್ಲ. ಘಟ್ಟದ ಮೇಲಿನ ಕಾಫಿ ತೋಟದ ಭಾಗ ಕೊಂಚ ಅವಸರವಾಯಿತು, ಅದೊಂದೇ ಕೊರತೆ.

ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಕುರಿತು ಮಾತಾಡುವವರು ಕಡಿಮೆ. ಎಂ.ಕೆ. ಇಂದಿರಾ ಅವರ ಕಾದಂಬರಿಯ ಬಾಲವಿಧವೆ ಇಲ್ಲಿ ಎಲ್.ವಿ. ಶಾರದಾ. ಅಳು, ಆಕ್ರೋಶ ತುಂಬಲು ಎಲ್ಲ ಅವಕಾಶವಿದ್ದ ವಸ್ತು. ಚಿತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ. ತಾನು ಬಾಯಿಮುಚ್ಚಿ ತಲೆಬೋಳಿಸಿಕೊಂಡು ಬಾಳಿದ ಮುದುಕಿ, ಇನ್ನೊಬ್ಬ ಎಳೆಯ ವಿಧವೆ ‘ತಲೆ ಬೋಳಿಸಿಕೊಳ್ಳುವುದಿಲ್ಲ’ ಎಂದಾಗ ಅವಳ ಪರ ನಿಲ್ಲುತ್ತಾಳೆ. ಆ ನಿಲುವಿಗೆ ಬೇಕಾದ ಧೈರ್ಯವನ್ನು ಶಾರದಾ ಅವರು ದನಿಯೇರಿಸದೆ ತೋರಿಸಿದ್ದಾರೆ.

ಇನ್ನು ಮೂಲವನ್ನು ಧಾರಾಳವಾಗಿ ಬದಲಿಸಿದ ಚಿತ್ರಗಳು. ನಿಮ್ಮಂಥ ಓದುಗರು ಇವುಗಳ ಮೇಲೆ ಮುನಿಸಿಕೊಳ್ಳುವುದುಂಟು, ಮುನಿಸಿಕೊಳ್ಳಬೇಡಿ. ವೈದೇಹಿಯವರ ಕತೆಯಲ್ಲಿ ‘ಗುಲಾಬಿ ಟಾಕೀಸು’ ಎಂಬುದು ಸಣ್ಣ ಊರಿಗೆ ಬಂದ ಸಿನಿಮಾ ಮಂದಿರದ ಹೆಸರು. ಅದು ಹೆಂಗಸರ ಬದುಕಿಗೆ ತೆರೆದ ಕಿಟಕಿ. ಕಾಸರವಳ್ಳಿ 2008ರ ಚಿತ್ರದಲ್ಲಿ ಗುಲಾಬಿ ಎಂಬವಳನ್ನು ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿಯನ್ನಾಗಿ ಮಾಡಿ, ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾದ ಟಿವಿಯನ್ನು ಇಟ್ಟರು. ಕಾಲ ಕಾರ್ಗಿಲ್ ಯುದ್ಧದ ಹೊತ್ತು. ಒಟ್ಟಿಗೆ ಕೂತು ಟಿವಿ ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರುವುದನ್ನು ನಿಲ್ಲಿಸುವ ಬಗೆಯನ್ನು ನೋಡಿ: ಟಿವಿ ಜನರನ್ನು ಸೇರಿಸಿತು, ಅದರಲ್ಲಿ ಬಂದ ಸುದ್ದಿ ಚೆದುರಿಸಿತು. ಕತೆಗೆ ಅಕ್ಷರನಿಷ್ಠವಾಗಿದ್ದರೆ ಈ ಚಿತ್ರ ಹುಟ್ಟುತ್ತಲೇ ಇರಲಿಲ್ಲ. ಕುಂದಾಪುರದ ಕನ್ನಡ ಕೇಳಿ ಅಭ್ಯಾಸವಿಲ್ಲದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ. ಉಮಾಶ್ರೀಯವರ ಅಭಿನಯದ ಅರ್ಧ ಆ ಮಾತಿನಲ್ಲಿದೆ.

‘ದ್ವೀಪ’ (2002) ನಾ. ಡಿಸೋಜ ಅವರ ಕಾದಂಬರಿಯಿಂದ ಬಂದದ್ದು. ಅಣೆಕಟ್ಟಿನ ನೀರು ಏರಿ ಊರೆಲ್ಲ ಖಾಲಿಯಾದ ಮೇಲೆ ಉಳಿದ ಒಂದೇ ಮನೆ. ನಾಗಿಯಾಗಿ ಸೌಂದರ್ಯ, ನಿರ್ಮಾಪಕಿಯೂ ಅವರೇ. ಚಿತ್ರದ ಭಾರವೆಲ್ಲ ನಾಗಿಯ ಮೇಲಿದೆ: ಮನೆ ಉಳಿಸಲು ದುಡಿದವಳು ಅವಳು, ಗಂಡ ಗಣಪಯ್ಯ ಅದನ್ನು ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ತಂದ ಛಾಯಾಗ್ರಹಣದಲ್ಲಿ ಮಳೆ ಒಂದು ಪಾತ್ರವೇ ಆಗಿದೆ. ಇದನ್ನು ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ‘ಹಸೀನಾ’ (2004) ಚಿತ್ರವನ್ನು ಹುಡುಕುವವರು ಹೆಚ್ಚಾಗಿದ್ದಾರೆ. ಅದು ಅವರ ‘ಕರಿ ನಾಗರಗಳು’ ಕತೆ. ತಾರಾ ಅವರಿಗಾಗಿ ನೋಡಿ. ನಡುನಡುವೆ ಚಿತ್ರ ವಿವರಿಸುವ ದನಿಗೆ ಇಳಿಯುತ್ತದೆ, ಕತೆಯಲ್ಲಿರುವ ಚುಚ್ಚು ಅಷ್ಟರ ಮಟ್ಟಿಗೆ ಮೊಂಡಾಗಿದೆ. ರಂ.ಶಾ. ಲೋಕಾಪುರ ಅವರ ಕಾದಂಬರಿ ಆಧರಿಸಿದ ‘ತಾಯಿ ಸಾಹೇಬ’ (1997) ಕೂಡ ನೋಡಬೇಕಾದ್ದೇ. ಉತ್ತರ ಕರ್ನಾಟಕದ ವಾಡೆಯೊಂದರ ಒಳಗಿನಿಂದಲೇ ಸ್ವಾತಂತ್ರ್ಯ ಚಳವಳಿಯೂ ಅದರ ನಂತರದ ಕಾಲವೂ ಸರಿದುಹೋಗುತ್ತವೆ, ಜಯಮಾಲಾ ಅವರ ಅತ್ಯುತ್ತಮ ಅಭಿನಯ ಇದರಲ್ಲಿದೆ.

ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳಿಗೆ ಬೇರೆಯೇ ಅಳತೆಗೋಲು ಬೇಕು. ಅವರು ಕಾದಂಬರಿಯನ್ನು ಭಾವದ ಏರಿಳಿತಕ್ಕಾಗಿ ಬಳಸಿದವರು. ‘ಬೆಳ್ಳಿಮೋಡ’ (1967) ಮೊದಲು ನೋಡಿ: ತ್ರಿವೇಣಿಯವರ ಕಾದಂಬರಿಯ ಅಂತ್ಯದ ಗಟ್ಟಿತನವನ್ನು, ಅಂದರೆ ಪಶ್ಚಾತ್ತಾಪಪಟ್ಟು ಮರಳಿ ಬಂದ ಗಂಡನ್ನು ಇಂದಿರಾ ಒಪ್ಪದಿರುವುದನ್ನು, ಜನಪ್ರಿಯ ಚಿತ್ರವೊಂದು ಸಡಿಲಿಸದೆ ಉಳಿಸಿತು. ‘ಶರಪಂಜರ’ (1971) ನೋಡಲೇಬೇಕಾದ್ದು. ಆದರೆ ಪುಸ್ತಕದ ಕಾವೇರಿ ತೀರ ಮೆದು. ತೆರೆಯ ಕಾವೇರಿ, ಅದರಲ್ಲೂ ಕೊನೆಯ ಭಾಗದಲ್ಲಿ, ಸಿಡಿಲು. ಕಲ್ಪನಾ ಅವರ ಆ ಅಬ್ಬರ ಪ್ರೇಕ್ಷಕರ ನೆನಪಿನಲ್ಲಿ ಉಳಿಯಿತು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದವಳನ್ನು ಸುತ್ತಲಿನವರ ನೋಟವೇ ಮತ್ತೆ ಕೆಡಿಸುತ್ತದೆ ಎಂಬ ತ್ರಿವೇಣಿಯವರ ಸೂಕ್ಷ್ಮ ಸಿಗಬೇಕಾದರೆ ಪುಸ್ತಕಕ್ಕೇ ಮರಳಬೇಕು. ‘ಕಥಾಸಂಗಮ’ (1976) ಅವರ ಚಿತ್ರಗಳಲ್ಲಿ ಅನ್ಯಾಯವಾಗಿ ಮರೆಯಾದದ್ದು. ಮೂರು ಸಣ್ಣಕತೆ, ಮೂರು ತುಂಡು ಚಿತ್ರ: ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಅವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’. ಕೊನೆಯದರಲ್ಲಿ ಕುರುಡಿಯಾಗಿ ಆರತಿ, ಕೇಡಿಗನಾಗಿ ಇನ್ನೂ ಹೊಸಬರಾಗಿದ್ದ ರಜನಿಕಾಂತ್. ಸಣ್ಣಕತೆಯ ಅಳತೆ ಸಿನಿಮಾಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದಕ್ಕೆ ‘ಹಂಗು’ ಒಂದೇ ಸಾಕು.

‘ನಾಗರಹಾವು’ (1972) ನೋಡುವಾಗ ತ.ರಾ.ಸು. ಅವರನ್ನು ಬದಿಗಿಡಿ. ಮೂರು ಕಾದಂಬರಿಗಳನ್ನು (‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’) ಒಂದೇ ಚಿತ್ರಕ್ಕೆ ಇಳಿಸಿದ್ದಾರೆ. ಪುಸ್ತಕದ ರಾಮಾಚಾರಿಯನ್ನು ಹುಡುಕಿದರೆ ಸಿಗುವುದಿಲ್ಲ. ಚಿತ್ರದುರ್ಗದ ಕೋಟೆ, ವಿಷ್ಣುವರ್ಧನ್ ಅವರ ಹೊಸ ಕಾವು, ಚಾಮಯ್ಯ ಮೇಷ್ಟರಾಗಿ ಕೆ.ಎಸ್. ಅಶ್ವತ್ಥ್, ವಿಜಯಭಾಸ್ಕರ್ ಸಂಗೀತ, ಇವುಗಳಿಗಾಗಿ ನೋಡಿ. ‘ಕಾಲೇಜು ರಂಗ’ ಬಿಡಿ. ಬಿ.ಜಿ.ಎಲ್. ಸ್ವಾಮಿಯವರ ಹಾಸ್ಯ ಇರುವುದು ವಾಕ್ಯದ ತಿರುವಿನಲ್ಲಿ; ಅದನ್ನು ಮುಖ ಮಾಡಿ ತೋರಿಸಲು ಬರುವುದಿಲ್ಲ.

ಬಿಡಬಹುದಾದವು ಇನ್ನೂ ಕೆಲವಿವೆ. ‘ವಂಶವೃಕ್ಷ’ (1971) ಚರಿತ್ರೆಯ ದೃಷ್ಟಿಯಿಂದ ಮಹತ್ವದ್ದು: ಬಿ.ವಿ. ಕಾರಂತ–ಗಿರೀಶ ಕಾರ್ನಾಡ್ ಜೋಡಿಗೆ ನಿರ್ದೇಶನದ ರಾಷ್ಟ್ರೀಯ ಪ್ರಶಸ್ತಿ, ಸಣ್ಣ ಪಾತ್ರದಲ್ಲಿ ವಿಷ್ಣುವರ್ಧನ್, ಕಾತ್ಯಾಯನಿಯಾಗಿ ಎಲ್.ವಿ. ಶಾರದಾ. ಆದರೆ ಭೈರಪ್ಪನವರ ಕಾದಂಬರಿ ನಿಂತಿರುವುದು ಎರಡು ಕಂಬಗಳ ಮೇಲೆ, ಶ್ರೋತ್ರಿಯರ ಮನೆ ಮತ್ತು ಸದಾಶಿವರಾಯರ ಸಂಶೋಧನೆ. ಚಿತ್ರದಲ್ಲಿ ಎರಡನೆಯದು ಹಿಂದೆ ಸರಿದಿದ್ದರಿಂದ ಮೊದಲನೆಯದಕ್ಕೂ ಎದುರುತೂಕವಿಲ್ಲ. ಶಾರದಾ ಅವರ ಭಾಗಗಳಿಗಾಗಿ ನೋಡುವುದಾದರೆ ಸರಿ. ಭೈರಪ್ಪನವರದೇ ‘ತಬ್ಬಲಿಯು ನೀನಾದೆ ಮಗನೆ’ (1977) ‘ಗೋಧೂಳಿ’ ಎಂದು ಹಿಂದಿಯಲ್ಲೂ ತಯಾರಾಯಿತು. ಗೋವಿನ ಕುರಿತ ಎರಡು ನಂಬಿಕೆಗಳ ಘರ್ಷಣೆ ಪುಸ್ತಕದಲ್ಲಿ ಎರಡೂ ಕಡೆಯ ವಾದ ಬೆಳೆದು ಬರುವಂಥದ್ದು. ಚಿತ್ರದಲ್ಲಿ ವಾದದ ತುದಿಗಳಷ್ಟೇ ಡಿಕ್ಕಿ ಹೊಡೆಯುತ್ತವೆ. ಪಿ. ಶೇಷಾದ್ರಿಯವರು ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನು ಚಿತ್ರ ಮಾಡಿದ್ದಾರೆ. ‘ಬೆಟ್ಟದ ಜೀವ’ (2011) ನೋಡಬಹುದು, ಎಚ್.ಜಿ. ದತ್ತಾತ್ರೇಯ ಮತ್ತು ರಾಮೇಶ್ವರಿ ವರ್ಮಾ ಅವರ ದಂಪತಿ ನೆನಪಿನಲ್ಲಿ ಉಳಿಯುತ್ತಾರೆ. ‘ಮೂಕಜ್ಜಿಯ ಕನಸುಗಳು’ (2019) ಬಿಡಿ. ಬಿ. ಜಯಶ್ರೀ ಅವರಂಥ ಕಲಾವಿದೆ ಇದ್ದರೂ, ಅಜ್ಜಿ ಕಂಡದ್ದನ್ನು ನಾವೇ ಕಣ್ಣಾರೆ ಕಂಡುಬಿಟ್ಟರೆ ಅವಳ ಕಾಣ್ಕೆಯ ಬೆರಗು ಇಳಿಯುತ್ತದೆ. ಮಾತಿನಲ್ಲೇ ಇರಬೇಕಾದ ಕೃತಿ ಅದು.

ಪುಸ್ತಕ ಮೊದಲೋ ಚಿತ್ರ ಮೊದಲೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ‘ಘಟಶ್ರಾದ್ಧ’, ‘ಕಾಡು’ಗಳಲ್ಲಿ ಚಿತ್ರವೇ ಮೊದಲಿರಲಿ, ಹುಡುಗನಿಗಿಂತ ಹೆಚ್ಚು ತಿಳಿದು ಕೂತರೆ ಅವನ ದಿಗಿಲು ನಿಮ್ಮದಾಗುವುದಿಲ್ಲ. ‘ಸಂಸ್ಕಾರ’, ‘ಬೆಟ್ಟದ ಜೀವ’, ‘ವಂಶವೃಕ್ಷ’ಗಳಿಗೆ ಪುಸ್ತಕ ಮೊದಲು. ತ್ರಿವೇಣಿ, ಎಂ.ಕೆ. ಇಂದಿರಾ ಅವರ ವಿಷಯದಲ್ಲಿ ಚಿತ್ರ ನೋಡಿ ಒಂದು ವಾರ ಬಿಟ್ಟು ಓದಿ: ನಟಿಯ ಮುಖ ಮನಸ್ಸಿನಿಂದ ಸ್ವಲ್ಪ ಮಾಸಿರಲಿ. ಸಣ್ಣಕತೆಗಳನ್ನು ಚಿತ್ರ ಮುಗಿದ ಆ ರಾತ್ರಿಯೇ ಓದಿ, ನಿರ್ದೇಶಕರು ಏನು ಸೇರಿಸಿದರು ಎಂಬುದು ಬಿಸಿಬಿಸಿಯಾಗಿ ಕಾಣುತ್ತದೆ. ನೀವು ಇವುಗಳಲ್ಲಿ ಬಹಳಷ್ಟನ್ನು ಆಗಲೇ ಓದಿರುತ್ತೀರಿ. ಹಾಗಿದ್ದರೆ ಹುಡುಗರ ಎರಡು ಚಿತ್ರಗಳ ಮುನ್ನ ಪುಸ್ತಕವನ್ನು ಮತ್ತೆ ತೆರೆಯದಿದ್ದರಾಯಿತು.

ಈಗ ಪ್ರತಿಗಳ ವಿಚಾರ. ಹಳೆಯ ಚಿತ್ರ ನೋಡಿ ಬೇಸರಪಡುವವರಲ್ಲಿ ಅನೇಕರು ಬೇಸರಪಟ್ಟದ್ದು ಕೆಟ್ಟ ಪ್ರತಿಯಿಂದ. ಕನ್ನಡದ ಮೊದಲ ಸಿನಿಮಾಸ್ಕೋಪ್ (ಅಗಲ ತೆರೆಯ) ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಅದಕ್ಕಿಂತ ಹಿಂದಿನ ಚಿತ್ರ ನಿಮ್ಮ ಟಿವಿಯ ಅಗಲವನ್ನೆಲ್ಲ ತುಂಬಿಕೊಂಡಿದ್ದರೆ ಏನೋ ಎಡವಟ್ಟಾಗಿದೆ ಎಂದೇ ತಿಳಿಯಿರಿ. ಎಡಬಲದಲ್ಲಿ ಕಪ್ಪು ಪಟ್ಟಿ ಇರಬೇಕು, ಅದು ದೋಷವಲ್ಲ. ಎಳೆದು ಅಗಲ ಮಾಡಿದ್ದರೆ ಮುಖಗಳು ಮೂರನೇ ಒಂದು ಪಾಲಿನಷ್ಟು ದಪ್ಪಗಾಗುತ್ತವೆ; ಗಾಡಿಚಕ್ರವೋ ಕುಂಕುಮದ ಬೊಟ್ಟೋ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದೇ ಗುರುತು. ಇದನ್ನು ಟಿವಿಯ ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಿ ಸರಿಪಡಿಸಬಹುದು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರಿನಲ್ಲಿದ್ದರೆ ‘ಎ’ ಕೀಲಿಯನ್ನು ಒತ್ತುತ್ತಾ ಹೋಗಿ. ಮೇಲೆ ಕೆಳಗೆ ಕತ್ತರಿಸಿ ಅಗಲ ತುಂಬಿಸಿದ್ದರೆ ಮಾತ್ರ ಉಪಾಯವಿಲ್ಲ, ಬೇರೆ ಪ್ರತಿ ಹುಡುಕಬೇಕು. ಇಂದಿನ ಟಿವಿಯ ಅಳತೆಯಾದ 16:9ಕ್ಕೆ ಕತ್ತರಿಸಿದರೆ ಚಿತ್ರದ ಎತ್ತರದ ಸುಮಾರು ನಾಲ್ಕನೇ ಒಂದು ಪಾಲು ಹೋಗುತ್ತದೆ. ಸಿನಿಮಾಸ್ಕೋಪಿಗೆ ಕತ್ತರಿಸಿದರೆ ಐದರಲ್ಲಿ ಸುಮಾರು ಎರಡು ಪಾಲು. ‘ನಾಗರಹಾವು’ 2018ರಲ್ಲಿ ಸ್ಕೋಪಿಗೆ ಹೊಂದಿಸಿ ಮರುಬಿಡುಗಡೆಯಾಯಿತು. ಬಣ್ಣ, ಸದ್ದು ಚೆನ್ನ, ಆದರೆ ಚೌಕಟ್ಟು ಪುಟ್ಟಣ್ಣ ಇಟ್ಟದ್ದಲ್ಲ. ಹಳೆಯ ಅಳತೆಯ ಪ್ರತಿ ಸಿಕ್ಕರೆ ಅದನ್ನೇ ಆರಿಸಿ.

ಕಪ್ಪು ಬಿಳುಪು ಚಿತ್ರಗಳಿಗೆ ಟಿವಿಯ ‘ವಿವಿಡ್’ ನಮೂನೆ ತೆಗೆದು ‘ಸಿನಿಮಾ’ ಅಥವಾ ‘ಮೂವಿ’ ಹಾಕಿ. ಚಲನೆಯನ್ನು ನುಣುಪು ಮಾಡುವ ಸೌಲಭ್ಯ (ಮೋಷನ್ ಸ್ಮೂತಿಂಗ್) ಇದ್ದರೆ ನಿಲ್ಲಿಸಿಬಿಡಿ, ಅದಿದ್ದರೆ ‘ಚೋಮನ ದುಡಿ’ಯೂ ಧಾರಾವಾಹಿಯಂತೆ ಕಾಣುತ್ತದೆ. ಕೋಣೆಯ ದೀಪ ಆರಿಸಿ.

ಸದ್ದಿಗೆ ಸಂಬಂಧಿಸಿದ ಒಂದು ದೋಷ ‘ಹಂಸಗೀತೆ’ಗೆ (1975) ಮುಖ್ಯ. ತ.ರಾ.ಸು. ಅವರ ಕಾದಂಬರಿ, ಜಿ.ವಿ. ಅಯ್ಯರ್ ನಿರ್ದೇಶನ, ಗಾಯಕನಾಗಿ ಅನಂತ್ ನಾಗ್, ಹಾಡಿದವರಲ್ಲಿ ಎಂ. ಬಾಲಮುರಳಿಕೃಷ್ಣ, ಇದರ ಗಾಯನಕ್ಕೆ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ಬಂತು. ಕತೆ ಅಲ್ಲಲ್ಲಿ ಸೊರಗಿದರೂ ಸಂಗೀತ ಇಡೀ ಚಿತ್ರವನ್ನು ಹೊತ್ತಿದೆ, ಖಂಡಿತ ನೋಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ನಮ್ಮ ಹಳೆಯ ಟಿವಿ ಪ್ರಸಾರ ಮತ್ತು ಬಹಳಷ್ಟು ಡಿವಿಡಿಗಳು 25ರಲ್ಲಿ. ಅದರಿಂದ ತೆಗೆದ ಪ್ರತಿ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡಬಹುದು: 120 ನಿಮಿಷದ ಚಿತ್ರ ಸುಮಾರು 115ಕ್ಕೆ ಮುಗಿಯುತ್ತದೆ, ಶ್ರುತಿ ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ತುಸು ಕಡಿಮೆಯಷ್ಟು ಏರುತ್ತದೆ. ಮಾತಿನಲ್ಲಿ ಇದು ಗೊತ್ತಾಗುವುದಿಲ್ಲ, ಬಾಲಮುರಳಿಯವರ ಕಂಠದಲ್ಲಿ ಗೊತ್ತಾಗುತ್ತದೆ. ನಿಮ್ಮ ಬಳಿ ಡಿವಿಡಿಯಿದ್ದು ದನಿ ತೆಳುವಾಗಿ ಕೇಳಿದರೆ ವಿಎಲ್‌ಸಿಯಲ್ಲಿ ವೇಗವನ್ನು 0.96ಕ್ಕೆ ಇಳಿಸಿ. ಜೊತೆಗೆ ಆಡಿಯೋ ಆಯ್ಕೆಗಳಲ್ಲಿರುವ ‘ಟೈಮ್ ಸ್ಟ್ರೆಚಿಂಗ್’ ಎದುರಿನ ಗುರುತನ್ನು ತೆಗೆಯಿರಿ. ಅದು ಹಾಗೆಯೇ ಇದ್ದರೆ ವೇಗ ಇಳಿಯುತ್ತದೆ, ಶ್ರುತಿ ಮಾತ್ರ ಏರಿದಲ್ಲೇ ಉಳಿಯುತ್ತದೆ.